ಡಿಯಾನಾ ಡರ್ಬಿನ್: ಗೀತೆಯ ಫಲವೂ ಗಾಯಕಿಯ ಮೌನವೂ

ಹಾಲಿವುಡ್ಡಿನ ಗಾಯಕನಟಿಯರಲ್ಲಿ ಡಿಯಾನಾ ಡರ್ಬಿನ್ನಳ ಪ್ರಸ್ತಾಪ ಬಂದಾಗಲೆಲ್ಲ ಬರೆಯುವವರು ಒಂದೇ ಪ್ರಶ್ನೆಯನ್ನು ಎತ್ತುವುದು ವಾಡಿಕೆಯಾಗಿಬಿಟ್ಟಿದೆ. 21 ಕಥಾಚಿತ್ರಗಳಲ್ಲಿ ನಟಿಸಿ ಹಾಡಿ, ಅಮೆರಿಕದಲ್ಲಿ ಅತ್ಯಧಿಕ ಸಂಭಾವನೆ ಪಡೆಯುತ್ತಿದ್ದ ಸ್ತ್ರೀಯರಲ್ಲಿ ಒಬ್ಬಳೆನಿಸಿದ್ದ ಈಕೆ 1949ರಲ್ಲಿ, 28 ವರ್ಷ ತುಂಬುವ ಮೊದಲೇ, ಚಿತ್ರರಂಗವನ್ನು ಬಿಟ್ಟುಹೋದಳು. 2013ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೆ ಹಿಂದಿರುಗಲಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಆಕೆಯ ವಿವಾಹಗಳಲ್ಲಿ, ವೃತ್ತಿಯ ಬೇಸರದಲ್ಲಿ, ಪತ್ರಿಕೆಯವರ ಕಾಟದಲ್ಲಿ ಹುಡುಕುತ್ತಾರೆ. ಜೀವನಚರಿತ್ರೆ ಬರೆಯುವವರಿಗೆ ಅದು ಸಹಜವೇ. ಆದರೆ ವಿಮರ್ಶೆಯ ಕೆಲಸ ಬೇರೆ. ಕಲಾವಿದೆಯ ಬಾಳಿನಿಂದ ಕೃತಿಗೆ ಬರುವುದಕ್ಕಿಂತ ಕೃತಿಯಿಂದಲೇ ಹೊರಟು, ಅಲ್ಲಿ ಗೀತೆಗೆ ಯಾವ ಸ್ಥಾನವಿತ್ತು, ಆ ಸ್ಥಾನ ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು ಎಂಬುದನ್ನು ವಿಚಾರಿಸುವುದು ಹೆಚ್ಚು ಫಲಕಾರಿಯೆಂದು ನಮ್ಮ ಅಭಿಪ್ರಾಯ. ಡರ್ಬಿನ್ನಳ ಚಿತ್ರಗಳಲ್ಲಿ ಹಾಡು ಅಲಂಕಾರವಲ್ಲ, ಅದೊಂದು ಕಾರ್ಯ. ಹಾಡಿದರೆ ಏನಾದರೊಂದು ನಡೆಯುತ್ತದೆ. ಆ ನಂಬಿಕೆ ಎಲ್ಲಿಯವರೆಗೆ ಉಳಿಯಿತು, ಎಲ್ಲಿ ಮುರಿಯಿತು ಎಂಬುದೇ ನಮ್ಮ ಲೇಖನದ ವಿಷಯ.

ಬಾಳಿನ ವಿವರಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. 1921ರ ಡಿಸೆಂಬರ್ 4ರಂದು ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಆಕೆಯ ಜನನ. ತಂದೆತಾಯಿಗಳು ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯಿಂದ ವಲಸೆ ಬಂದವರು. ಇಟ್ಟ ಹೆಸರು ಎಡ್ನಾ ಮೇ. ಮಗು ಚಿಕ್ಕದಿರುವಾಗಲೇ ಕುಟುಂಬ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲಸಿತು. ಪ್ರಸಿದ್ಧ ಗಾಯಕಿ ಅರ್ನೆಸ್ಟೀನ್ ಶೂಮನ್-ಹೈಂಕಳ ಜೀವನವನ್ನು ಕುರಿತ ಚಿತ್ರವೊಂದನ್ನು ತೆಗೆಯುವ ಯೋಚನೆಯಿಂದ ಎಂ.ಜಿ.ಎಂ. ಸಂಸ್ಥೆ ಈ ಹುಡುಗಿಯನ್ನು ಕರಾರಿಗೆ ತೆಗೆದುಕೊಂಡಿತು. ಆ ಯೋಜನೆ ಕೈಗೂಡಲಿಲ್ಲ. ಅಲ್ಲಿದ್ದಾಗ ಆಕೆ ಕಾಣಿಸಿಕೊಂಡದ್ದು 1936ರ ‘ಎವೆರಿ ಸಂಡೇ’ ಎಂಬ ಕಿರುಚಿತ್ರದಲ್ಲಿ. ಜೊತೆಗಾತಿ ಜೂಡಿ ಗಾರ್ಲಂಡ್. ಇಬ್ಬರಿಗೂ ಆಗ 14 ವರ್ಷದ ವಯಸ್ಸು. ಮುಂದೆ ಎಂ.ಜಿ.ಎಂ. ಡರ್ಬಿನ್ನಳನ್ನು ಬಿಟ್ಟು ಗಾರ್ಲಂಡಳನ್ನು ಉಳಿಸಿಕೊಂಡಿತು. ಇದು ಯಜಮಾನರ ಅಪ್ಪಣೆಯನ್ನು ಯಾರೋ ತಪ್ಪಾಗಿ ಕೇಳಿಸಿಕೊಂಡದ್ದರ ಪರಿಣಾಮವೆಂಬ ಕಥೆಗಳು ಹಲವಿವೆ. ಇಂಥ ಕಥೆಗಳು ಹಾಲಿವುಡ್ಡಿನಲ್ಲಿ ತಾವಾಗಿಯೇ ಮೊಳೆಯುತ್ತವೆ. ಅವುಗಳ ಗೊಡವೆ ನಮಗೆ ಬೇಡ.

ಆದರೆ ಆ ಕಿರುಚಿತ್ರ ನಿಜವಾಗಿಯೂ ಗಮನಕ್ಕೆ ಯೋಗ್ಯವಾದದ್ದು. ಊರಿನ ಉದ್ಯಾನದಲ್ಲಿ ಪ್ರತಿ ಭಾನುವಾರ ವಾದ್ಯಗೋಷ್ಠಿ ನಡೆಸುತ್ತಿದ್ದ ಮುದುಕನೊಬ್ಬನಿಗೆ, ಕೇಳುವವರು ಕಡಮೆಯಾದರೆಂಬ ಕಾರಣದಿಂದ, ಆ ಅವಕಾಶ ತಪ್ಪುವುದರಲ್ಲಿದೆ. ಅವನ ಮೊಮ್ಮಗಳೂ ಅವಳ ಗೆಳತಿಯೂ ಹಾಡಿ ಜನರನ್ನು ಕೂಡಿಸುತ್ತಾರೆ. ಇಷ್ಟೇ ಕಥೆ. ಒಬ್ಬಳದು ಇಟಾಲಿಯನ್ ಸಂಪ್ರದಾಯದ ಗಾನ, ಇನ್ನೊಬ್ಬಳದು ಜಾಸ್ ಲಯದ ಹಾಡು. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಗಾರ್ಲಂಡಳ ಕಂಠ ಮಾತಿನಿಂದ ಹುಟ್ಟುತ್ತದೆ. ಅಲ್ಲಿ ವ್ಯಂಜನಗಳು ಮುಂದೆ ನಿಲ್ಲುತ್ತವೆ, ಶಬ್ದದ ಅರ್ಥ ಸ್ವರವನ್ನು ಎಳೆದುಕೊಂಡು ಹೋಗುತ್ತದೆ. ಡರ್ಬಿನ್ನಳದು ಶಿಕ್ಷಣದಿಂದ ತಿದ್ದಿದ ತಾರಸ್ಥಾಯಿಯ ಶಾರೀರ, ಪಾಶ್ಚಾತ್ಯರು ಸೊಪ್ರಾನೊ ಎನ್ನುವ ಬಗೆಯದು. ಅಲ್ಲಿ ಮಾತು ಕರಗಿ ನಾದವಾಗುತ್ತದೆ. ಗಾರ್ಲಂಡ್ ತನ್ನ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಾಳೆ. ಡರ್ಬಿನ್ ಎದುರಿಗಿರುವವರನ್ನು ಒಲಿಸಿಕೊಳ್ಳುತ್ತಾಳೆ. ಇವರಲ್ಲಿ ಯಾರು ದೊಡ್ಡವರೆಂಬ ಚರ್ಚೆ ಅನಾವಶ್ಯಕ. ನಮಗೆ ಬೇಕಾದುದು ಇಷ್ಟು: ಒಲಿಸಿಕೊಳ್ಳುವ ಗಾನಕ್ಕೆ ಎದುರಿಗೊಬ್ಬರು ಇರಲೇಬೇಕು, ಅದು ಏಕಾಂತದ ಗಾನವಲ್ಲ.

ಯೂನಿವರ್ಸಲ್ ಸಂಸ್ಥೆಗೆ ಬಂದ ಮೇಲೆ ಆಕೆಗೆ ದೊರೆತವರು ನಿರ್ಮಾಪಕ ಜೋ ಪಾಸ್ಟರ್ನಾಕ್ ಮತ್ತು ನಿರ್ದೇಶಕ ಹೆನ್ರಿ ಕಾಸ್ಟರ್. ಪಾಸ್ಟರ್ನಾಕ್ ಹಂಗೇರಿಯ ಕಡೆಯಿಂದ ಅಮೆರಿಕಕ್ಕೆ ಬಂದು, ಮತ್ತೆ ಯೂರೋಪಿನಲ್ಲಿ ಯೂನಿವರ್ಸಲ್ಲಿನ ಪರವಾಗಿ ಚಿತ್ರಗಳನ್ನು ತೆಗೆದವನು. ಕಾಸ್ಟರ್ ಬರ್ಲಿನ್ನಿನ ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದಾಗ ಊರು ಬಿಟ್ಟವನು. ಮುಂದೆ ಆಕೆಯ ಚಿತ್ರಗಳನ್ನು ಬರೆದು ನಿರ್ಮಿಸಿ, 1945ರಲ್ಲಿ ಆಕೆಯನ್ನು ಮದುವೆಯೂ ಆದ ಫೆಲಿಕ್ಸ್ ಜಾಕ್ಸನ್ನನೂ ಜರ್ಮನಿಯಿಂದ ಬಂದವನೇ. ಲೋಕವೆಲ್ಲ ‘ಅಮೆರಿಕದ ಹುಡುಗಿ’ ಎಂದು ಮೆಚ್ಚಿಕೊಂಡ ಈ ಮೂರ್ತಿಯನ್ನು ಕಡೆದವರು ಮನೆ ಕಳೆದುಕೊಂಡ ಪರದೇಶಿಗಳು. ಒಡೆದ ಮನೆ ಮತ್ತೆ ಕೂಡುವುದು ಈ ಚಿತ್ರಗಳಲ್ಲಿ ಪದೇ ಪದೇ ಬರುವ ವಸ್ತುವಾದದ್ದು ಕೇವಲ ಆಕಸ್ಮಿಕವೆನ್ನಲು ನಮಗೆ ಮನಸ್ಸು ಬಾರದು. ಸಾಧಿಸಿ ತೋರಿಸುವುದೂ ಸುಲಭವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

1936ರ ಕೊನೆಯಲ್ಲಿ ಬಂದ ‘ತ್ರೀ ಸ್ಮಾರ್ಟ್ ಗರ್ಲ್ಸ್’ ಚಿತ್ರದಲ್ಲಿ ಮೂವರು ಸೋದರಿಯರು ಅಗಲಿದ ತಂದೆತಾಯಿಯರನ್ನು ಒಂದುಗೂಡಿಸುತ್ತಾರೆ. ಮನೆ ಬಿಟ್ಟು ಓಡಿದ ಕಿರಿಯವಳು ಪೊಲೀಸರ ಕೈಗೆ ಸಿಕ್ಕಿದಾಗ, ತಾನು ಸಂಗೀತನಾಟಕದ ಗಾಯಕಿಯೆಂದು ಹೇಳಿ ಠಾಣೆಯಲ್ಲಿಯೇ ಹಾಡುತ್ತಾಳೆ. ಹಾಡು ಮುಗಿಯುವ ವೇಳೆಗೆ ಠಾಣೆ ಠಾಣೆಯಾಗಿ ಉಳಿದಿರುವುದಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಧ್ರುವಾಗಾನಗಳ ವಿಭಾಗವೊಂದುಂಟು. ಪಾತ್ರದ ಪ್ರವೇಶಕ್ಕೆ ಸಲ್ಲುವುದು ಪ್ರಾವೇಶಿಕೀ, ನಿರ್ಗಮನಕ್ಕೆ ಸಲ್ಲುವುದು ನೈಷ್ಕ್ರಾಮಿಕೀ. ಶಾಸ್ತ್ರದ ಪರಿಭಾಷೆಯನ್ನು ಎಲ್ಲಿಂದ ಎಲ್ಲಿಗೋ ಎಳೆದು ತರುವುದು ಸಲ್ಲದು. ಆದರೂ ಡರ್ಬಿನ್ನಳ ಗೀತೆಗಳನ್ನು ಬೇರೊಂದು ಅರ್ಥದಲ್ಲಿ ‘ಪ್ರವೇಶಗೀತೆ’ಗಳೆಂದು ಕರೆಯಬಹುದು: ಮುಚ್ಚಿದ ಬಾಗಿಲುಗಳು ಆಕೆ ಹಾಡಿದಾಗ ತೆರೆಯುತ್ತವೆ.

ಈ ಮಾತಿಗೆ ಅತ್ಯುತ್ತಮ ನಿದರ್ಶನ 1937ರ ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’. ಆರ್ಥಿಕ ಮುಗ್ಗಟ್ಟಿನ ಕಾಲ. ಟ್ರಾಂಬೋನ್ ವಾದಕನಾದ ತಂದೆಗೆ ಕೆಲಸವಿಲ್ಲ. ಆ ಕಾಲದ ಮಹಾವಿಖ್ಯಾತ ವೃಂದನಿರ್ದೇಶಕ ಲಿಯೊಪೊಲ್ಡ್ ಸ್ಟೊಕಾವ್‌ಸ್ಕಿ, ಚಿತ್ರದಲ್ಲಿ ತಾನೇ ತಾನಾಗಿ ಬರುತ್ತಾನೆ. ಅವನ ಬಳಿ ಕೆಲಸ ಕೇಳಲು ಹೋದ ತಂದೆಯನ್ನು ಹೊರಗಟ್ಟುತ್ತಾರೆ. ದಾರಿಯಲ್ಲಿ ಸಿಕ್ಕಿದ ಶ್ರೀಮಂತಳೊಬ್ಬಳ ಹಣದ ಚೀಲದಿಂದ ಮನೆಬಾಡಿಗೆ ತೀರಿಸಿ, ಕೆಲಸ ಸಿಕ್ಕಿತೆಂದು ಅವನು ಮಗಳಿಗೆ ಸುಳ್ಳು ಹೇಳುತ್ತಾನೆ. ಮಗಳು ಸತ್ಯವನ್ನರಿತು ಚೀಲವನ್ನು ಹಿಂದಿರುಗಿಸಲು ಹೋದಾಗ, ಆ ಶ್ರೀಮಂತೆ ಹಗುರವಾಗಿ ಆಡಿದ ಮಾತೊಂದನ್ನು ನಂಬಿ, ನಿರುದ್ಯೋಗಿಗಳಾದ ನೂರು ಜನ ವಾದಕರ ವೃಂದವನ್ನು ಕಟ್ಟುತ್ತಾಳೆ. ದೊಡ್ಡ ಹೆಸರಿಲ್ಲದೆ ಹಣವಿಲ್ಲ ಎಂದಾಗ ಸ್ಟೊಕಾವ್‌ಸ್ಕಿಯನ್ನೇ ಹಿಡಿಯಲು ಹೊರಡುತ್ತಾಳೆ. ಅವನ ಅಭ್ಯಾಸದ ಸಭಾಂಗಣದಲ್ಲಿ ಕದ್ದು ನುಗ್ಗಿ ಮೊತ್ಸಾರ್ಟನ ‘ಅಲೆಲೂಯ’ವನ್ನು ಹಾಡುವುದು ಈ ಬೆನ್ನಟ್ಟುವಿಕೆಯ ಒಂದು ಘಟ್ಟ.

ಆದರೆ ಚಿತ್ರದ ಹೃದಯವಿರುವುದು ಹಾಡಿಲ್ಲದ ಒಂದು ಸನ್ನಿವೇಶದಲ್ಲಿ. ನೂರು ವಾದಕರು ಸ್ಟೊಕಾವ್‌ಸ್ಕಿಯ ಮನೆಗೆ ನುಗ್ಗಿ, ಅದರ ವಿಶಾಲವಾದ ಮೆಟ್ಟಿಲುಗಳ ಮೇಲೆ ಸಾಲುಸಾಲಾಗಿ ನಿಂತು, ಲಿಸ್ಟನ ಹಂಗೇರಿಯನ್ ರಾಪ್ಸಡಿಯನ್ನು ನುಡಿಸತೊಡಗುತ್ತಾರೆ. ಅವನು ಮೊದಲು ಸಿಡುಕುತ್ತಾನೆ, ಆಮೇಲೆ ಕೇಳುತ್ತಾನೆ. ಅನಂತರ, ಅವನು ಒಪ್ಪುವುದಕ್ಕೆ ಮೊದಲೇ, ಅವನ ಕೈಗಳು ಮೇಲೇಳುತ್ತವೆ. ಬುದ್ಧಿ ಬೇಡವೆನ್ನುತ್ತಿರುವಾಗ ಕೈ ಹೌದೆನ್ನುವ ಈ ಕ್ಷಣವನ್ನು ನಮ್ಮ ವಿದ್ಯಾರ್ಥಿಗಳೊಡನೆ ನೋಡಿದ್ದುಂಟು. ಮೊದಲು ನಕ್ಕವರು ಕೊನೆಗೆ ಸುಮ್ಮನಾದರು. ಸಾತ್ತ್ವಿಕಭಾವವನ್ನು ಪಾಠ ಹೇಳುವವರು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಈ ಕಾರ್ಯದ ಫಲಾಗಮ ಕೊನೆಯ ಸಭೆಯಲ್ಲಿ: ಸಂಕೋಚದಿಂದ ನಿಂತ ಹುಡುಗಿಯನ್ನು ಸ್ಟೊಕಾವ್‌ಸ್ಕಿಯೇ ಹಾಡಲು ಕರೆಯುತ್ತಾನೆ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದುವರಿಯುವಂತಿಲ್ಲ. 1927ರ ಅನಂತರ ವಾಕ್ಚಿತ್ರಗಳು ಬಂದಾಗ, ಮೂಕಚಿತ್ರಗಳಿಗೆ ಚಿತ್ರಮಂದಿರದಲ್ಲಿಯೇ ಕುಳಿತು ನುಡಿಸುತ್ತಿದ್ದ ಸಾವಿರಾರು ವಾದಕರು ಕೆಲಸ ಕಳೆದುಕೊಂಡರು. ಅಮೆರಿಕದ ವಾದಕರ ಸಂಘ ಇದರ ವಿರುದ್ಧ ಪತ್ರಿಕೆಗಳಲ್ಲಿ ಪ್ರಚಾರವನ್ನೇ ನಡೆಸಿತು. ಕೆಲಸವಿಲ್ಲದ ವಾದಕರಿಗಾಗಿ ಕಣ್ಣೀರು ತರಿಸುವ ಈ ಚಿತ್ರ, ಅವರ ಅನ್ನವನ್ನು ಕಿತ್ತ ಯಂತ್ರದಿಂದಲೇ ಹುಟ್ಟಿದುದು; ಆ ವಿಷಯವನ್ನು ಮಾತ್ರ ಅದು ಬಾಯಿಬಿಡುವುದಿಲ್ಲ. ವಾದ್ಯವೃಂದದ ಧ್ವನಿಯಂತೂ ಫಿಲಡೆಲ್ಫಿಯಾದಲ್ಲಿ ಸ್ಟೊಕಾವ್‌ಸ್ಕಿಯ ಹೆಸರಾಂತ ವೃಂದದಿಂದ ಬೇರೆಬೇರೆ ಪಥಗಳಲ್ಲಿ ಮುದ್ರಿತವಾದದ್ದು. ತೆರೆಯ ಮೇಲೆ ಕಾಣುವ ಬಡ ವಾದಕರದಲ್ಲ. ಹೀಗೆಂದು ಚಿತ್ರವನ್ನು ಕಪಟವೆನ್ನಬೇಕೆ? ನಮಗೆ ಹಾಗೆ ತೋರುವುದಿಲ್ಲ. ಮುಗ್ಗಟ್ಟಿನ ಕಾರಣವನ್ನು ಅದು ಅರಿಯದು, ಮುಗ್ಗಟ್ಟಿನ ಅವಮಾನವನ್ನು ಅರಿಯುತ್ತದೆ. ಸುಳ್ಳು ಹೇಳಿದ ತಂದೆಯ ಮುಖವನ್ನು ಮಗಳು ನೋಡುವ ದೃಶ್ಯದಲ್ಲಿ ಹುಸಿಯೆಂಬುದಿಲ್ಲ. ಆದರೆ ಪರಿಹಾರ ಮಾತ್ರ ಹಾಡಿನಿಂದ ಬರಬೇಕು. ಬೇರೆಯ ದಾರಿ ಆ ಲೋಕದಲ್ಲಿಲ್ಲ.

ಒಬ್ಬ ಹುಡುಗಿ ಯೂನಿವರ್ಸಲ್ ಸಂಸ್ಥೆಯನ್ನು ದಿವಾಳಿಯಿಂದ ಪಾರುಮಾಡಿದಳೆಂಬ ಮಾತು ಈ ಚಿತ್ರಗಳ ಕಾಲದಿಂದಲೂ ಪ್ರಚಾರದಲ್ಲಿದೆ. ಸಂಸ್ಥಾಪಕ ಕಾರ್ಲ್ ಲೆಮ್ಲೆ 1936ರಲ್ಲಿ ಸಾಲದಿಂದಾಗಿ ಸಂಸ್ಥೆಯನ್ನು ಕಳೆದುಕೊಂಡದ್ದೂ, ಹೊಸ ಯಜಮಾನರಿಗೆ ಡರ್ಬಿನ್ನಳ ಚಿತ್ರಗಳು ಹಣ ತಂದುಕೊಟ್ಟದ್ದೂ ನಿಜ. ಅತಿಶಯೋಕ್ತಿಯನ್ನು ಅಲ್ಲಿಗೇ ಬಿಡೋಣ. ಆದರೆ ಸಂಸ್ಥೆಯ ಅಳಿವು ಉಳಿವು ಒಂದು ಮಗುವಿನ ಕಂಠವನ್ನು ಆಶ್ರಯಿಸಿದಾಗ, ಆ ಮಗು ಬೆಳೆಯುವುದೇ ಒಂದು ವ್ಯಾಪಾರದ ಸಮಸ್ಯೆಯಾಗುತ್ತದೆ. 1938ರ ಸಾಲಿಗೆ ಆಕೆಗೂ ಮಿಕಿ ರೂನಿಗೂ ಕಿರಿಯರಿಗೆಂದು ವಿಶೇಷ ಆಸ್ಕರ್ ದೊರೆಯಿತು. 1939ರ ‘ಫಸ್ಟ್ ಲವ್’ ಚಿತ್ರದಲ್ಲಿ ಆಕೆ ತೆರೆಯ ಮೇಲೆ ಮೊದಲ ಬಾರಿಗೆ ಚುಂಬನ ಪಡೆದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮಹಾಯುದ್ಧ ಆರಂಭವಾದ ವರ್ಷ ಅದು ಎಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. 1941ರಲ್ಲಿ ಪಾಸ್ಟರ್ನಾಕ್ ಬೇರೆ ಸಂಸ್ಥೆಗೆ ಹೋದ. ಚಾರ್ಲ್ಸ್ ಲಾಟನ್ನನೊಡನೆ ಆಕೆ ನಟಿಸಿದ ‘ಇಟ್ ಸ್ಟಾರ್ಟೆಡ್ ವಿತ್ ಈವ್’ ಅವರಿಬ್ಬರ ಕೊನೆಯ ಚಿತ್ರ, ಹಾಸ್ಯದ ದೃಷ್ಟಿಯಿಂದ ಬಹುಶಃ ಎಲ್ಲಕ್ಕಿಂತ ಮೇಲಾದದ್ದು. ಅದೇ ವರ್ಷದ ಕೊನೆಯಲ್ಲಿ, ಕೊಟ್ಟ ಕಥೆಯನ್ನು ಆಕೆ ನಿರಾಕರಿಸಲು, ಸಂಸ್ಥೆ ಆಕೆಯನ್ನು ಅಮಾನತಿನಲ್ಲಿಟ್ಟಿತು. 1942ರ ಆದಿಯಲ್ಲಿ ರಾಜಿಯಾಯಿತು. ಕಥೆಯನ್ನು ಆರಿಸುವುದರಲ್ಲಿ ಆಕೆಯ ಮಾತಿಗೆ ಇನ್ನು ಮುಂದೆ ಬೆಲೆಯುಂಟೆಂದು ಒಪ್ಪಂದ.

ಆ ಸ್ವಾತಂತ್ರ್ಯದ ಫಲ 1944ರ ‘ಕ್ರಿಸ್ಮಸ್ ಹಾಲಿಡೇ’. ಈ ಚಿತ್ರವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ಮೂಲ ಸಾಮರ್ಸೆಟ್ ಮಾಮ್‌ನ ಕಾದಂಬರಿ, ನಿರ್ದೇಶಕ ರಾಬರ್ಟ್ ಸಿಯೊಡ್‌ಮಾಕ್ (ಇವನೂ ಜರ್ಮನಿಯಿಂದ ಬಂದವನೇ), ಗಂಡನ ಪಾತ್ರದಲ್ಲಿ ಜೀನ್ ಕೆಲ್ಲಿ. ಕೆಲ್ಲಿಯ ಹೆಸರನ್ನೂ ಡರ್ಬಿನ್ನಳ ಹೆಸರನ್ನೂ, ಅದರ ಮೇಲೆ ಕ್ರಿಸ್ಮಸ್ ಎಂಬ ಶಬ್ದವನ್ನೂ ಕಂಡು ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಯರು ಏನೆಂದುಕೊಂಡರೋ! ಚಿತ್ರದಲ್ಲಿ ಕೆಲ್ಲಿ ಕುಣಿಯುವುದಿಲ್ಲ, ಅವನು ಕೊಲೆಗಾರ. ಡರ್ಬಿನ್ ನ್ಯೂ ಆರ್ಲಿಯನ್ಸಿನ ಒಂದು ಕೀಳು ದರ್ಜೆಯ ರಾತ್ರಿಗೃಹದಲ್ಲಿ ಹಾಡುವವಳು. ಅದು ಎಂಥ ಮನೆಯೆಂಬುದನ್ನು ಆಗಿನ ಚಿತ್ರೋದ್ಯಮದ ನೀತಿಸಂಹಿತೆ ಬಾಯಿಬಿಟ್ಟು ಹೇಳಗೊಡಲಿಲ್ಲ. ಆದರೆ ನೋಡುವವರಿಗೆ ಸಂದೇಹ ಉಳಿಯುವುದಿಲ್ಲ.

ಆಕೆಗೆ ಇಲ್ಲಿ ಇರುವುದು ಎರಡೇ ಹಾಡು. ಅದರಲ್ಲಿ ಒಂದು, ಈ ವರ್ಷ ವಸಂತ ತಡವಾಗಿ ಬಂದೀತೆಂಬ ಭಾವದ್ದು. ಹಾಡುವಾಗ ಆಕೆ ಯಾರನ್ನೂ ಒಲಿಸಿಕೊಳ್ಳುವುದಿಲ್ಲ. ದೇಹ ಅಲುಗದು, ಕಣ್ಣು ಎಲ್ಲಿಯೂ ನಿಲ್ಲದು, ಶಾರೀರ ಕೆಳಗಿನ ಸ್ಥಾಯಿಯಲ್ಲಿ ಬಳಲಿದಂತೆ ಸಾಗುತ್ತದೆ. ಮೊದಲಿನ ಗೀತೆಗಳಲ್ಲಿ ಕೇಳುವವರ ಮುಖಗಳನ್ನು ಒಂದೊಂದಾಗಿ ತೋರಿಸಿ, ಅವು ಅರಳುವುದನ್ನು ನಾವು ನೋಡುವಂತೆ ಮಾಡುತ್ತಿದ್ದರು. ಇಲ್ಲಿ ಕೇಳುವವರಿಗೆ ಕೇಳಬೇಕೆಂಬ ಆಸೆಯಿಲ್ಲ, ಹಾಡುವವಳಿಗೆ ಒಲಿಸಬೇಕೆಂಬ ಆಸೆಯಿಲ್ಲ. ಹಾಡು ಮುಗಿದಾಗ ಏನೂ ನಡೆದಿರುವುದಿಲ್ಲ. ಡರ್ಬಿನ್ನಳ ಚಿತ್ರಪರಂಪರೆಯನ್ನು ಅನುಸರಿಸಿ ಬಂದವರಿಗೆ, ಕಥೆಯಲ್ಲಿನ ಕೊಲೆಗಿಂತ ಇದೇ ಹೆಚ್ಚು ಭಯಂಕರ.

ಇದಕ್ಕೂ ಮಿಗಿಲಾದದ್ದು ನಡುರಾತ್ರಿಯ ಪ್ರಾರ್ಥನೆಯ ಸನ್ನಿವೇಶ. ಬಿರುಗಾಳಿಯಿಂದಾಗಿ ಊರಿನಲ್ಲಿ ಸಿಕ್ಕಿಕೊಂಡ ಸೈನ್ಯಾಧಿಕಾರಿಯೊಬ್ಬನನ್ನು ಆಕೆ ತನ್ನನ್ನು ಚರ್ಚಿಗೆ ಕರೆದುಕೊಂಡು ಹೋಗೆಂದು ಬೇಡಿಕೊಳ್ಳುತ್ತಾಳೆ. ವಿಶಾಲವಾದ ದೇವಾಲಯ, ತುಂಬಿದ ಜನ, ಮೇಲಿನಿಂದ ಹರಿದುಬರುವ ಸಾಮೂಹಿಕ ಗಾನ. ಏಳು ವರ್ಷಗಳ ಹಿಂದೆ ‘ಅಲೆಲೂಯ’ ಹಾಡಿ ಸ್ಟೊಕಾವ್‌ಸ್ಕಿಯನ್ನೇ ಬೆರಗುಗೊಳಿಸಿದ ಕಂಠ ಇಲ್ಲಿ ಹಾಡುವುದಿಲ್ಲ. ಆಕೆ ಕುಸಿದು ಅಳುತ್ತಾಳೆ, ಹಾಡುವವರು ಬೇರೆಯವರು. ಪ್ರೇಕ್ಷಕನ ಕಿವಿ ಆ ಗುಂಪಿನ ಗಾನದಲ್ಲಿ ಆಕೆಯ ಸ್ವರವನ್ನು ತಾನಾಗಿಯೇ ಹುಡುಕುತ್ತದೆ, ಅದು ಸಿಕ್ಕುವುದಿಲ್ಲ. ಗಾಯಕನಟಿಯ ಚಿತ್ರವೊಂದರಲ್ಲಿ ಮೌನವನ್ನು ಇಷ್ಟು ಅರ್ಥವತ್ತಾಗಿ ಬಳಸಿದುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಕೊನೆಯಲ್ಲಿ ಗಂಡ ಸಾಯುವಾಗ ಕೇಳಿಬರುವುದು ವಾಗ್ನರನ ‘ಟ್ರಿಸ್ಟನ್’ ನಾಟಕದ ಮರಣಗೀತೆಯ ಸಂಗೀತ, ಅವರಿಬ್ಬರೂ ಮೊದಲು ಭೇಟಿಯಾದ ಸಭೆಯಲ್ಲಿ ಕೇಳಿದುದೇ. ಮೂಲದಲ್ಲಿ ಅದು ನಾಯಿಕೆಯ ಗೀತೆ. ಇಲ್ಲಿ ಅದು ಕಂಠವಿಲ್ಲದೆ, ವಾದ್ಯಗಳಲ್ಲಿ ಮಾತ್ರ ಕೇಳುತ್ತದೆ.

ಒಂದು ಆಕ್ಷೇಪವನ್ನು ಎತ್ತಬಹುದು: ಇಪ್ಪತ್ತೊಂದರಲ್ಲಿ ಒಂದು ಚಿತ್ರವನ್ನು ಹಿಡಿದು ಇಷ್ಟು ದೊಡ್ಡ ಮಾತನ್ನು ಆಡುವುದು ನ್ಯಾಯವೆ? ಸಿಯೊಡ್‌ಮಾಕ್ ಆ ಕಾಲದಲ್ಲಿ ತೆಗೆಯುತ್ತಿದ್ದುದೇ ಇಂಥ ಕರಾಳ ಚಿತ್ರಗಳನ್ನು. ಡರ್ಬಿನ್ ಅಲ್ಲಿಗೆ ಬಂದ ಅತಿಥಿ ಮಾತ್ರವಲ್ಲವೆ? ಆಕ್ಷೇಪದಲ್ಲಿ ಬಲವಿಲ್ಲದೆ ಇಲ್ಲ. 1945ರ ‘ಲೇಡಿ ಆನ್ ಎ ಟ್ರೇನ್’ ಕೊಲೆಯ ಕಥೆಯಾದರೂ ವಿನೋದದ ಕಡೆಗೆ ವಾಲುತ್ತದೆ. ಅನಂತರದ ಚಿತ್ರಗಳಲ್ಲಿ ಸಂಸ್ಥೆ ಮತ್ತೆ ಹಳೆಯ ಹಾದಿಗೇ ಹೊರಳಿತು. 1948ರ ‘ಫಾರ್ ದ ಲವ್ ಆಫ್ ಮೇರಿ’ ಕೊನೆಯದು. ಅವುಗಳ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ಅವು ಕೆಟ್ಟವಲ್ಲ, ಜೀವವಿಲ್ಲದವು. ಆದರೆ ಅವು ಜೀವ ಕಳೆದುಕೊಂಡದ್ದೇ ನಮ್ಮ ವಾದಕ್ಕೆ ಪೋಷಕವಾಗಿದೆ. ಹಾಡಿದರೆ ಬಾಗಿಲು ತೆರೆಯುತ್ತದೆಂಬ ನಂಬಿಕೆ ಹದಿನೈದು ವರ್ಷದ ಹುಡುಗಿಯ ಮುಖದಲ್ಲಿ ಸಹಜ. ಇಪ್ಪತ್ತಾರರ ಹೆಂಗಸಿನ ಮುಖದಲ್ಲಿ ಅದನ್ನೇ ಅಂಟಿಸಿದಾಗ ಕ್ಷೇಮೇಂದ್ರ ಹೇಳುವ ಔಚಿತ್ಯ ಕೆಡುತ್ತದೆ. ಕಂಠವೂ ಅಷ್ಟರಲ್ಲಿ ತುಂಬಿಕೊಂಡು ಗಾಢವಾಗಿತ್ತು. ಅದಕ್ಕೆ ತಕ್ಕ ಪಾತ್ರಗಳನ್ನು ಬರೆಯುವವರಿರಲಿಲ್ಲ.

1949ರಲ್ಲಿ ಕರಾರು ಮುಗಿಯಿತು. ಮರುವರ್ಷದ ಡಿಸೆಂಬರಿನಲ್ಲಿ ಆಕೆ ‘ಲೇಡಿ ಆನ್ ಎ ಟ್ರೇನ್’ ಚಿತ್ರದ ನಿರ್ದೇಶಕ ಚಾರ್ಲ್ಸ್ ಡೇವಿಡ್ಡನನ್ನು ವಿವಾಹವಾಗಿ, ಫ್ರಾನ್ಸಿನಲ್ಲಿ, ಪ್ಯಾರಿಸ್ಸಿನ ಸಮೀಪದ ಗ್ರಾಮವೊಂದರಲ್ಲಿ ನೆಲಸಿದಳು. ಮರಳಿ ಬರಬೇಕೆಂಬ ಆಹ್ವಾನಗಳನ್ನೆಲ್ಲ ನಿರಾಕರಿಸಿದಳು. ಇಲ್ಲಿ ನಾವು ಎಚ್ಚರಿಕೆಯಿಂದಿರಬೇಕು. ‘ಕ್ರಿಸ್ಮಸ್ ಹಾಲಿಡೇ’ ಚಿತ್ರದ ಮೌನವೇ ಬಾಳಿನ ಮೌನಕ್ಕೆ ಕಾರಣವೆಂದರೆ ನಾವು ಮೊದಲು ತಿರಸ್ಕರಿಸಿದ ತಪ್ಪನ್ನೇ ತಿರುಗಿಸಿ ಮಾಡಿದಂತಾಗುತ್ತದೆ. ನಮ್ಮ ಮಾತು ಇಷ್ಟೇ: ಆಕೆ ತೊರೆದದ್ದು ಇನ್ನೂ ಜೀವಂತವಾಗಿದ್ದ ಒಂದು ಕಲೆಯನ್ನಲ್ಲ, ತೆರೆಯ ಮೇಲೆ ಐದು ವರ್ಷಗಳ ಹಿಂದೆಯೇ ಮುಗಿದಿದ್ದ ಒಂದು ಭ್ರಮೆಯನ್ನು. ಇದನ್ನು ಗಾರ್ಲಂಡಳ ಬಾಳಿನ ಪಕ್ಕದಲ್ಲಿಟ್ಟು, 1969ರಲ್ಲಿ ಲಂಡನ್ನಿನಲ್ಲಿ 47ನೆಯ ವಯಸ್ಸಿಗೇ ಅವಳು ತೀರಿಕೊಂಡದ್ದನ್ನು ತೋರಿಸಿ, ಒಬ್ಬಳು ಜಾಣೆ, ಇನ್ನೊಬ್ಬಳು ನತದೃಷ್ಟೆ ಎನ್ನುವವರಿದ್ದಾರೆ. ಅದು ವಿಮರ್ಶೆಯಲ್ಲ.

ಹಾಗಾದರೆ ಮೊದಲಿನ ಚಿತ್ರಗಳ ಮುಗ್ಧತೆಯನ್ನು ಕೇವಲ ಮಾರಾಟದ ಸರಕೆಂದು ತಳ್ಳಿಹಾಕಬೇಕೆ? ಪಂಡಿತರಲ್ಲಿ ಅಂಥ ಪ್ರವೃತ್ತಿಯಿದೆ. ಅವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಕಲ್ಕತ್ತೆಯಲ್ಲಿ ಹುಡುಗನಾಗಿದ್ದ ಸತ್ಯಜಿತ್ ರಾಯ್ ಈ ನಟಿಗೆ ಅಭಿಮಾನದ ಪತ್ರ ಬರೆದು, ಸೌಜನ್ಯದ ಉತ್ತರವನ್ನು ಪಡೆದಿದ್ದರು. ರಷ್ಯದ ಮಹಾವಾದಕ ರೊಸ್ಟ್ರೊಪೊವಿಚ್ ತನ್ನ ಸಂಗೀತದ ಮೇಲೆ ಪ್ರಭಾವ ಬೀರಿದವರಲ್ಲಿ ಆಕೆಯನ್ನೂ ಎಣಿಸಿದ್ದುಂಟು. ಆಮ್‌ಸ್ಟರ್‌ಡಾಮಿನಲ್ಲಿ 1942ರ ಜುಲೈಯಿಂದ 1944ರ ಆಗಸ್ಟಿನವರೆಗೆ ಅಡಗಿಕೊಂಡಿದ್ದ ಆನ್ ಫ್ರಾಂಕ್ ಎಂಬ ಯಹೂದಿ ಬಾಲಿಕೆ ತನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ಚಿತ್ರಗಳ ನಡುವೆ ಡರ್ಬಿನ್ನಳ ಮುಖವೂ ಉಂಟು. ಆ ಮನೆ ಈಗ ವಸ್ತುಸಂಗ್ರಹಾಲಯ. ಗೋಡೆಯ ಚಿತ್ರಗಳನ್ನು ಕಾಪಾಡಿಟ್ಟಿದ್ದಾರೆ. ಹೊರಗೆ ಬಾಯಿಬಿಟ್ಟು ಮಾತಾಡಲೂ ಆಗದ ಮನೆಯಲ್ಲಿ, ಬಾಗಿಲು ತೆರೆಯಿಸುವ ಹಾಡುಗಾರ್ತಿಯ ಮುಖವನ್ನು ಗೋಡೆಗೆ ಹಚ್ಚಿಕೊಂಡವಳಿಗೆ ಆ ಮುಖ ಏನಾಗಿತ್ತೆಂಬುದನ್ನು ನಾವು ಊಹಿಸಹೊರಡುವುದಿಲ್ಲ. ಸರಕು ಎಂಬ ಒಂದು ಮಾತಿನಿಂದ ಅದನ್ನು ಅಳೆಯಲಾಗದೆಂದು ಮಾತ್ರ ಹೇಳಬಹುದು. ‘ಕ್ರಿಸ್ಮಸ್ ಹಾಲಿಡೇ’ ಅಮೆರಿಕದಲ್ಲಿ ಬಿಡುಗಡೆಯಾದ ಬೇಸಗೆಯಲ್ಲಿಯೇ ಆ ಅಡಗುದಾಣ ಬಯಲಾಯಿತು.

1983ರಲ್ಲಿ ಡೇವಿಡ್ ಶಿಪ್‌ಮನ್ ಎಂಬ ಚಲನಚಿತ್ರ ಚರಿತ್ರಕಾರನಿಗೆ, ಬಹುಕಾಲದ ಮೌನ ಮುರಿದು, ಆಕೆ ಒಂದು ಸಂದರ್ಶನವನ್ನು ಕೊಟ್ಟಳು. ತೆರೆಯ ಮೇಲಿನ ಆ ಹುಡುಗಿಗೂ ತನಗೂ ಸಂಬಂಧವಿಲ್ಲವೆಂಬುದು ಆಕೆಯ ನಿಲವು. ಡಿಯಾನಾ ಎಂಬ ಹೆಸರೂ ಚಿತ್ರರಂಗಕ್ಕಾಗಿ ಇಟ್ಟುಕೊಂಡದ್ದೇ. ಈ ದೃಷ್ಟಿಯಿಂದ 1936ರ ಆ ಕಿರುಚಿತ್ರವನ್ನು ಮತ್ತೆ ನೋಡಿದರೆ ಒಂದು ಸಣ್ಣ ವಿವರ ಕಣ್ಣಿಗೆ ಬೀಳುತ್ತದೆ. ಉದ್ಯಾನದ ವೇದಿಕೆಯ ಮೇಲೆ ಗಾರ್ಲಂಡಳ ಪಕ್ಕದಲ್ಲಿ ನಿಂತು, ತಾತನ ಗೋಷ್ಠಿಯನ್ನು ಉಳಿಸಲು ಹಾಡುವ ಆ ಮೊಮ್ಮಗಳ ಪಾತ್ರಕ್ಕೆ ಇಟ್ಟ ಹೆಸರು ಎಡ್ನಾ.